ಕೈತಾಳದ ಹೆಮ್ಮೆ

(ಶತಮಾನೋತ್ಸವದ ಸಭೆಯಲ್ಲಿ ಶಾಲಾ ಬ್ಯಾಂಡಿನ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣ)



ನಮ್ಮ ದೇವಾಲಯದ ನೂರು ವರ್ಷಗಳ ಈ ಸಂಭ್ರಮದಲ್ಲಿ ನಮಗೂ ಎರಡು ಮಾತು ಹೇಳುವ ಅವಕಾಶವನ್ನು ಹಿರಿಯರು ಒದಗಿಸಿದ್ದಾರೆ. ದೇವಾಲಯವನ್ನು ಕಟ್ಟಿದವರ ತ್ಯಾಗ, ಗುರುಗಳ ಸೇವೆ, ದಾನಿಗಳ ಔದಾರ್ಯ ಇವುಗಳ ಕುರಿತು ಬಲ್ಲವರು ಆಗಲೇ ಮಾತನಾಡಿದ್ದಾರೆ. ನಾವು ಅಷ್ಟು ದೊಡ್ಡ ವಿಷಯಕ್ಕೆ ಕೈಹಾಕುವುದಿಲ್ಲ. ಎರ್ಮಾಳಿನ ಕಡಲ ಕರೆಯಿಂದ ಶಾಲೆಗೆ ನಡೆದು ಬರುತ್ತಿದ್ದ ನಾವು ಕೆಲವರು, ಶಾಲೆಯ ಬ್ಯಾಂಡಿನಲ್ಲಿ ಕೈತಾಳ ಬಡಿದವರು. ಬ್ಯಾಂಡಿನವರ ಬಾಯಲ್ಲಿ ಅದು ಸಿಂಬಲ್. ಆ ತಾಳವನ್ನು ಬಡಿದೆವೆಂಬ ಹೆಮ್ಮೆ ನಮಗೆ ಇಂದಿಗೂ ಇದೆ. ಅದು ಸರಿಯಾದ ಹೆಮ್ಮೆಯೇ ಅಲ್ಲವೇ ಎಂಬುದನ್ನು ತಮ್ಮ ಮುಂದೆ ವಿಚಾರ ಮಾಡಬೇಕೆಂದು ನಿಂತಿದ್ದೇವೆ.

ಮೊದಲು ಒಂದು ಸತ್ಯವನ್ನು ಒಪ್ಪಿಕೊಳ್ಳಬೇಕು. ತಾಳವನ್ನು ನಾವಾಗಿ ಬಯಸಿ ಪಡೆದವರಲ್ಲ. ಡ್ರಿಲ್ ಮಾಸ್ತರರು ಹುಡುಗರನ್ನು ಸಾಲಾಗಿ ನಿಲ್ಲಿಸಿ ಪರೀಕ್ಷಿಸಿದರು. ಕೈ ಚುರುಕಾದವರಿಗೆ ಸೈಡ್ ಡ್ರಮ್ಮು ಸಿಕ್ಕಿತು. ಮೈಕಟ್ಟು ಇದ್ದವನಿಗೆ ದೊಡ್ಡ ಡ್ರಮ್ಮು. ಉಸಿರು ಗಟ್ಟಿಯಿದ್ದವರಿಗೆ ಬ್ಯೂಗಲ್. ಯಾವುದಕ್ಕೂ ಒದಗದೆ ಉಳಿದ ನಮ್ಮ ಕೈಗೆ ತಾಳಗಳು ಬಂದವು. ಮನೆಯಲ್ಲಿ ಕೇಳಿದಾಗ "ಬ್ಯಾಂಡಿಗೆ ಸೇರಿದ್ದೇವೆ" ಎಂದಷ್ಟೇ ಹೇಳಿದೆವು. ಯಾವ ವಾದ್ಯವೆಂದು ಹೇಳಲು ನಾಚಿಕೆಯಾಯಿತು. ಎರಡು ತಟ್ಟೆಗಳನ್ನು ಬಡಿಯುವುದರಲ್ಲಿ ಕಲಿಯುವುದೇನಿದೆ ಎಂದು ಇತರರು ನಕ್ಕರು. ನಾವೂ ಹಾಗೆಯೇ ತಿಳಿದಿದ್ದೆವು.

ಕಲಿಯುವುದು ಬಹಳವಿತ್ತು. ಎರಡು ತಟ್ಟೆಗಳನ್ನು ನೇರಕ್ಕೆ ನೇರ ಬಡಿದರೆ ನಡುವೆ ಗಾಳಿ ಸಿಕ್ಕಿಕೊಂಡು ಪೆಟ್ಟಿಗೆ ಮುಚ್ಚಿದಂತೆ ಮಂಕಾದ ಸದ್ದಾಗುತ್ತದೆ. ಒಂದರ ಅಂಚು ಇನ್ನೊಂದರ ಅಂಚಿಗೆ ತುಸು ಮೊದಲು ತಾಗುವಂತೆ ಓರೆಯಾಗಿ ತಂದರೆ ಮಾತ್ರ ನಾದ ಅರಳುತ್ತದೆ. ಬಡಿದ ಮೇಲೆ ಅದನ್ನು ಎದೆಗೊತ್ತಿ ನಿಲ್ಲಿಸುವುದೂ ಒಂದು ವಿದ್ಯೆಯೇ. ಕಡಲ ಗಾಳಿಗೆ ವಾರದೊಳಗೆ ಕಿಲುಬು ಹಿಡಿಯುತ್ತಿತ್ತು. ಶನಿವಾರ ಹುಣಸೆಹುಳಿಯನ್ನೋ ಬಿಂಬುಳಿಯನ್ನೋ ಹಚ್ಚಿ ತಿಕ್ಕುತ್ತಿದ್ದೆವು. ಚರ್ಮದ ಪಟ್ಟಿ ಅಂಗೈಯನ್ನು ಕೊರೆದು ಬೊಕ್ಕೆ ಎಬ್ಬಿಸುತ್ತಿತ್ತು. ಇವೆಲ್ಲಕ್ಕಿಂತಲೂ ಕಷ್ಟದ ಕೆಲಸ ಕಾಯುವುದು. ಡ್ರಮ್ಮಿನವರಿಗೆ ಕ್ಷಣಕ್ಷಣಕ್ಕೂ ಕೆಲಸವುಂಟು. ನಾವು ಮಾತ್ರ ಮನಸ್ಸಿನಲ್ಲಿ ಲೆಕ್ಕ ಹಾಕುತ್ತ, ಕೈಗಳನ್ನು ಅಗಲಿಸಿ ಹಿಡಿದು, ನಮ್ಮ ಪೆಟ್ಟು ಬರುವವರೆಗೆ ಸುಮ್ಮನೆ ನಡೆಯಬೇಕು.

ಆ ವರ್ಷದ ಸ್ವಾತಂತ್ರ್ಯೋತ್ಸವದಂದು ಈ ಕಾಯುವಿಕೆಯಲ್ಲಿಯೇ ನಾವು ಸೋತೆವು. ಜನ ಸೇರಿದ್ದನ್ನು ಕಂಡ ಉತ್ಸಾಹದಲ್ಲಿ ಒಂದು ಪೆಟ್ಟನ್ನು ಮುಂಚೆಯೇ ಬಡಿದುಬಿಟ್ಟೆವು. ಹಿಂದೆ ಬರುತ್ತಿದ್ದ ಚಿಕ್ಕ ಮಕ್ಕಳ ಹೆಜ್ಜೆ ತಪ್ಪಿತು, ಒಬ್ಬರ ಮೇಲೊಬ್ಬರು ಮುಗ್ಗರಿಸಿದರು, ನೆರೆದವರು ನಕ್ಕರು. ಮರುದಿನ ತಾಳಗಳನ್ನು ಹಿಂದಿರುಗಿಸಲು ಹೋದೆವು. ಮಾಸ್ತರರು ತೆಗೆದುಕೊಳ್ಳಲಿಲ್ಲ. "ಡ್ರಮ್ಮಿನ ತಪ್ಪು ಡ್ರಮ್ಮಿನಲ್ಲಿಯೇ ಮುಚ್ಚಿಹೋದೀತು; ತಾಳದ ತಪ್ಪು ಊರಿಗೆಲ್ಲ ಕೇಳುತ್ತದೆ. ಆದ್ದರಿಂದಲೇ ಇದನ್ನು ತಾಳ್ಮೆ ಕಲಿಯಬೇಕಾದವರಿಗೆ ಕೊಟ್ಟಿದ್ದೇನೆ" ಎಂದಷ್ಟೇ ಹೇಳಿದರು.

ಮೂರು ವಾರಗಳಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬ ಬಂತು. ಮಾತೆ ಮರಿಯಮ್ಮನ ಜನ್ಮದಿನ, ಹೊಸ ತೆನೆಯ ದಿನ. ಮಕ್ಕಳು ಹೂವಿನ ಬುಟ್ಟಿ ಹಿಡಿದು, ಹಿರಿಯರು ತೆನೆ ಹಿಡಿದು ಹೊರಟ ಮೆರವಣಿಗೆಯ ಮುಂದೆ ಶಾಲೆಯ ಬ್ಯಾಂಡಿತ್ತು. ಅರ್ಧ ದಾರಿಯಲ್ಲಿ ಮಳೆ ಹೊಯ್ಯಿತು. ಚರ್ಮದ ಡ್ರಮ್ಮುಗಳು ನೆನೆದು ಸಡಿಲವಾದವು. ಅವನ್ನು ಮುಚ್ಚಿಕೊಂಡು ಹುಡುಗರು ಬದಿಗೆ ಸರಿದರು. ಮೆರವಣಿಗೆ ಚದುರುವುದರಲ್ಲಿತ್ತು. ಮಾಸ್ತರರು ನಮ್ಮ ಕಡೆ ನೋಡಿ ತಲೆಯಾಡಿಸಿದರು. ಲೋಹಕ್ಕೆ ಮಳೆಯ ಭಯವಿಲ್ಲ. ನಾಲ್ಕು ಹೆಜ್ಜೆಗೊಂದು ಪೆಟ್ಟಿನಂತೆ, ಹೆಚ್ಚಲ್ಲದೆ ಕಡಿಮೆಯಲ್ಲದೆ, ದೇವಾಲಯದ ಬಾಗಿಲವರೆಗೂ ಬಡಿದೆವು. ಜನರು ಕೊಡೆಗಳ ಕೆಳಗೆ ಸಾಲುಗೂಡಿ, ಹೆಜ್ಜೆಗೂಡಿ ನಡೆದು ಬಂದರು. ಬಾಗಿಲಲ್ಲಿ ತಾಳಗಳನ್ನು ಎದೆಗೊತ್ತಿ ನಿಲ್ಲಿಸಿದೆವು. ಆ ಮೌನದಲ್ಲಿ ಒಳಗಿನ ಹಾಡು ಕೇಳಿಸಿತು. ಅಂದು ಮನೆಗೆ ಹೋಗಿ, ನಾವು ತಾಳ ಬಡಿದೆವೆಂದು ಕೇಳದಿದ್ದವರಿಗೂ ಹೇಳಿದೆವು.

ಹೇಳಿದ್ದು ತುಸು ಹೆಚ್ಚೇ ಆಯಿತು. ವಾರವಿಡೀ ಬೀಗುತ್ತ ತಿರುಗಿದೆವು. ಅದನ್ನು ಕಂಡ ಆಗಿನ ಗುರುಗಳು ನಮ್ಮನ್ನು ಕರೆದು, ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೆಯ ಅಧ್ಯಾಯವನ್ನು ಓದಿಕೊಂಡು ಬರಲು ಹೇಳಿದರು. ಓದಿದೆವು, ಮುಖ ಸಣ್ಣದಾಯಿತು. ಎಷ್ಟೇ ಭಾಷೆಗಳನ್ನಾಡಿದರೂ ಪ್ರೀತಿಯಿಲ್ಲದವನು ಬರಿಯ ಸದ್ದು ಮಾಡುವ ಕಂಚು, ಗಣಗಣಿಸುವ ತಾಳ ಎಂಬ ಅರ್ಥದ ಮಾತು ಅಲ್ಲಿದೆ. ಕೊರಿಂಥ ಪಟ್ಟಣ ಕಂಚಿನ ಕೆಲಸಕ್ಕೆ ಹೆಸರಾಗಿತ್ತು. ಕೇಳಿದವರಿಗೆ ಮಾತು ನೇರವಾಗಿ ನಾಟಿರಬೇಕು. ನಮಗೂ ನಾಟಿತು. ಸಂತ ಪೌಲರು ಜರೆದ ವಾದ್ಯವನ್ನು ಹಿಡಿದು ಹೆಮ್ಮೆಪಡುವುದು ಹೇಗೆ?

ಮುಂದೆ ಓದುತ್ತ ಹೋದಂತೆ ಪವಿತ್ರ ಗ್ರಂಥದಲ್ಲಿಯೇ ಸಮಾಧಾನವೂ ದೊರೆಯಿತು. ದಾವೀದರಸನು ದೇವರ ಮಂಜೂಷವನ್ನು ಜೆರುಸಲೇಮಿಗೆ ತಂದಾಗ ಕಂಚಿನ ತಾಳ ಬಡಿಯಲು ನೇಮಕಗೊಂಡವರು ಹೇಮಾನ, ಆಸಾಫ, ಏತಾನ ಎಂಬ ಮೂವರು. ಅವರೇ ಗಾಯಕರ ಮುಖಂಡರು. ಆಸಾಫನ ಹೆಸರು ಹಲವು ಕೀರ್ತನೆಗಳ ತಲೆಬರಹದಲ್ಲಿಯೂ ಇದೆ. ಕೀರ್ತನೆಗಳ ಗ್ರಂಥದ ಕೊನೆಯದಾದ 150ನೆಯ ಕೀರ್ತನೆಯಲ್ಲಿ ದೇವರನ್ನು ಸ್ತುತಿಸಲು ಕರೆಯಲ್ಪಟ್ಟ ವಾದ್ಯಗಳ ಸಾಲಿನ ತುದಿಯಲ್ಲಿ ಬರುವುದು ತಾಳ, ಅದೂ ಎರಡು ಬಾರಿ. ಹಾಗಾದರೆ ಪೌಲರು ಜರೆದದ್ದು ತಾಳವನ್ನಲ್ಲ, ಪ್ರೀತಿಯಿಲ್ಲದ ಸದ್ದನ್ನು. ತಾಳವು ತನಗಾಗಿ ಸದ್ದು ಮಾಡಿದರೆ ಅದು ಗರ್ವ. ಹಿಂದೆ ಬರುವವರ ಹೆಜ್ಜೆಗಾಗಿ ಸದ್ದು ಮಾಡಿದರೆ ಅದು ಸೇವೆ. ಮಾಡಿದ ಸೇವೆಯ ಸಂತೋಷವನ್ನು ಹೆಮ್ಮೆಯೆಂದು ಕರೆಯುವುದಾದರೆ ಅದರಲ್ಲಿ ಪಾಪವಿಲ್ಲವೆಂದು ನಾವು ನಂಬುತ್ತೇವೆ.

ಈ ವಾದ್ಯವು ನಮ್ಮ ಕೈಗೆ ಬಂದ ದಾರಿಯೂ ದೀರ್ಘವಾದುದು. ನಮ್ಮ ಕರಾವಳಿಗೆ ತಾಳ ಹೊಸತಲ್ಲ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಚೆಂಡೆ ಮದ್ದಳೆಗಳ ಜೊತೆಗೆ ಚಕ್ರತಾಳವುಂಟು. ಕಡಲ ಕರೆಯ ಭಜನಾ ಮಂದಿರಗಳಲ್ಲಿ ಮೊಗವೀರ ಬಂಧುಗಳ ತಾಳದ ನಾದವನ್ನು ಕೇಳುತ್ತಲೇ ನಾವು ಬೆಳೆದವರು. ಬ್ಯಾಂಡಿನ ದೊಡ್ಡ ತಾಳವಾದರೋ ತುರ್ಕಿ ದೇಶದ ಸೈನ್ಯದ ಮೇಳದಿಂದ ಯುರೋಪಿಗೆ, ಅಲ್ಲಿಯ ಸೈನ್ಯಗಳಿಗೆ, ಬ್ರಿಟಿಷ್ ಪಡೆಗಳೊಂದಿಗೆ ಭಾರತಕ್ಕೆ, ಕಡೆಗೆ ನಮ್ಮ ಶಾಲೆಗಳಿಗೆ ಬಂದುದು. ಕಾನ್‌ಸ್ಟಾಂಟಿನೋಪಲಿನಲ್ಲಿ ತಾಳಗಳನ್ನು ಎರಕಹೊಯ್ಯುವ ಪ್ರಸಿದ್ಧ ಕಾರ್ಖಾನೆಯನ್ನು 1623ರಲ್ಲಿ ತೆರೆದವನು ಅವೇದಿಸ್ ಝಿಲ್ಜಿಯನ್ ಎಂಬ ಅರ್ಮೇನಿಯದ ಕ್ರೈಸ್ತ. ಅವನ ಮನೆತನದವರು 1929ರಲ್ಲಿ ಅಮೆರಿಕದಲ್ಲಿ ಆ ಉದ್ಯೋಗವನ್ನು ಮುಂದುವರಿಸಿದರು. ಸುಮಾರು 80 ಪಾಲು ತಾಮ್ರ, 20 ಪಾಲು ತವರ ಕೂಡಿದ ಕಂಚಿನಿಂದ ಒಳ್ಳೆಯ ತಾಳವಾಗುತ್ತದೆ. ನಮ್ಮದು ಅಗ್ಗದ ಹಿತ್ತಾಳೆಯದು. ಆದರೂ ಮಳೆಯಲ್ಲಿ ಕೈಬಿಡಲಿಲ್ಲ.

ನಾವು ದೇವಾಲಯದ ಬಾಗಿಲಲ್ಲಿ ಏಕೆ ನಿಂತೆವೆಂದು ಇಂದಿನ ಮಕ್ಕಳು ಕೇಳಬಹುದು. ಜಗದ್ಗುರುಗಳಾಗಿದ್ದ ಸಂತ ಹತ್ತನೆಯ ಪಿಯುಸರು 1903ರ ನವೆಂಬರ್ 22ರಂದು, ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಳ ಹಬ್ಬದ ದಿನ, ಪವಿತ್ರ ಸಂಗೀತದ ಕುರಿತು ಒಂದು ಆಜ್ಞೆಯನ್ನು ಹೊರಡಿಸಿದರು. ದೇವಾಲಯದೊಳಗೆ ನುಡಿಸಬಾರದ ವಾದ್ಯಗಳಲ್ಲಿ ಡ್ರಮ್ಮನ್ನೂ ತಾಳವನ್ನೂ ಅದರಲ್ಲಿ ಹೆಸರಿಸಿ ಹೇಳಿತ್ತು. ಹೊರಗಿನ ಮೆರವಣಿಗೆಗೆ ಮಾತ್ರ ಧರ್ಮಾಧ್ಯಕ್ಷರ ಅನುಮತಿಯಿಂದ ಬ್ಯಾಂಡು ಬರಬಹುದಿತ್ತು. ನಮ್ಮ ಹಿರಿಯರು ಈ ದೇವಾಲಯವನ್ನು ಕಟ್ಟಿದ ಕಾಲದಲ್ಲಿ ಆ ನಿಯಮವೇ ನಡೆಯುತ್ತಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ, ಆರಾಧನೆಗೆ ಯೋಗ್ಯವಾದ ಬೇರೆ ವಾದ್ಯಗಳನ್ನೂ ಅಧಿಕಾರಿಗಳ ಒಪ್ಪಿಗೆಯೊಂದಿಗೆ ಬಳಸಬಹುದೆಂದು ತಿಳಿಸಿತು. ಆದರೂ ಬಾಗಿಲಲ್ಲಿ ನಿಲ್ಲುವ ಪದ್ಧತಿ ನಮ್ಮಲ್ಲಿ ಉಳಿಯಿತು. ಅದು ನಮಗೆ ಅವಮಾನವೆಂದು ಎಂದೂ ತೋರಲಿಲ್ಲ. ಜನರನ್ನು ಬಾಗಿಲವರೆಗೆ ತಂದು ಬಿಟ್ಟು ತಾನು ಮೌನವಾಗುವುದು ಒಳ್ಳೆಯ ಕೆಲಸವೇ ಸರಿ.

ಆಸ್ಟ್ರಿಯ ದೇಶದಲ್ಲಿ ಆಂಟನ್ ಬ್ರುಕ್ನರ್ ಎಂಬ ಭಕ್ತ ಕಥೋಲಿಕ ಸಂಗೀತಗಾರನಿದ್ದನು. ಸಂತ ಫ್ಲೋರಿಯನ್ನರ ಮಠದಲ್ಲಿ ಆರ್ಗನ್ ನುಡಿಸುತ್ತಿದ್ದವನು. 1884ರಲ್ಲಿ ಮೊದಲು ನುಡಿಸಲ್ಪಟ್ಟ ಅವನ ಏಳನೆಯ ಸಿಂಫನಿಯು ಒಂದು ಗಂಟೆಗೂ ಮೇಲಿನದು. ಸಾಮಾನ್ಯವಾಗಿ ನುಡಿಸುವ ರೂಪದಲ್ಲಿ ತಾಳದವನಿಗೆ ಅದರಲ್ಲಿರುವುದು ಒಂದೇ ಒಂದು ಪೆಟ್ಟು. ಆ ಒಂದಕ್ಕಾಗಿ ಅವನು ಕೋಟು ತೊಟ್ಟು ಬಂದು, ಕಾದು, ಎದ್ದು, ಬಡಿದು, ಕುಳಿತುಕೊಳ್ಳುತ್ತಾನೆ. ನಮ್ಮ ಧರ್ಮಕೇಂದ್ರದಲ್ಲಿಯೂ ಅಂಥವರು ಎಷ್ಟು ಜನರಿದ್ದರು! ಮುಂಜಾನೆ ಗಂಟೆ ಬಾರಿಸಿದವರು, ಪೀಠದ ಬಟ್ಟೆ ಒಗೆದವರು, ಸತ್ತವರ ಮನೆಗೆ ಮೊದಲು ಓಡಿದವರು. ಅವರ ಹೆಸರು ಕಲ್ಲಿನ ಮೇಲೆ ಇಲ್ಲ. ಅವರ ಪೆಟ್ಟು ಸಮಯಕ್ಕೆ ಬಿದ್ದುದರಿಂದ ನೂರು ವರ್ಷ ನಮ್ಮ ಹೆಜ್ಜೆ ತಪ್ಪಲಿಲ್ಲ.

ಇಂದು ನಮ್ಮ ಕಾಲದ ಬ್ಯಾಂಡು ಇಲ್ಲ. ಹುಡುಗರು ಮುಂಬಯಿಗೆ, ಗಲ್ಫ್ ದೇಶಗಳಿಗೆ ಹೋದರು. ಡ್ರಮ್ಮುಗಳು ಕಪಾಟು ಸೇರಿದವು. ಹಬ್ಬಕ್ಕೆ ಬಾಡಿಗೆಯ ಬ್ಯಾಂಡು ಬರುತ್ತದೆ. ಅವರು ನಮಗಿಂತ ಚೆನ್ನಾಗಿ ನುಡಿಸುತ್ತಾರೆ, ಸಂಶಯವಿಲ್ಲ. ಆದರೆ ಯಾವುದಕ್ಕೂ ಒದಗದವನೆಂದು ತಿಳಿದ ಹುಡುಗನಿಗೆ ಬಾಡಿಗೆಯ ಬ್ಯಾಂಡಿನಲ್ಲಿ ಸ್ಥಳವಿಲ್ಲ. ಈ ಕೊರತೆಯನ್ನು ನೆನೆದು ನಾವು ಒಂದು ಜೋಡಿ ಕಂಚಿನ ತಾಳವನ್ನು ಕೊಂಡು ತಂದಿದ್ದೇವೆ. ಗುರುಗಳ ಕೈಗೆ ಇಂದು ಅದನ್ನು ಒಪ್ಪಿಸುತ್ತೇವೆ. ಮಕ್ಕಳ ಬ್ಯಾಂಡನ್ನು ಮತ್ತೆ ಕಟ್ಟಬೇಕೆಂದು ಹಿರಿಯರಲ್ಲಿ ನಮ್ಮ ವಿನಂತಿ. ನಮ್ಮದು ಒಂದೇ ಷರತ್ತು: ವಾದ್ಯಗಳನ್ನೆಲ್ಲ ಹಂಚಿದ ಮೇಲೆ ಕೊನೆಗೆ ಉಳಿದ ಮಗುವಿಗೆ, ಹುಡುಗನಾಗಲಿ ಹುಡುಗಿಯಾಗಲಿ, ಈ ತಾಳವನ್ನು ಕೊಡಬೇಕು.

ಸೆರೆಯಿಂದ ಹಿಂದಿರುಗಿದ ಇಸ್ರಯೇಲರು ದೇವಾಲಯಕ್ಕೆ ಮರಳಿ ಅಸ್ತಿವಾರ ಹಾಕಿದ ದಿನ, ಆಸಾಫನ ವಂಶದವರು ತಾಳ ಹಿಡಿದು ನಿಂತರೆಂದು ಎಜ್ರನ ಗ್ರಂಥ ತಿಳಿಸುತ್ತದೆ. ಹಿಂದಿನ ದೇವಾಲಯವನ್ನು ಕಂಡಿದ್ದ ಮುದುಕರು ಅಂದು ಗಟ್ಟಿಯಾಗಿ ಅತ್ತರು. ಇತರರು ಹರ್ಷದಿಂದ ಕೂಗಿದರು. ಯಾವುದು ಅಳು, ಯಾವುದು ಹರ್ಷವೆಂದು ಗುರುತಿಸಲಾಗಲಿಲ್ಲ. ಇಂದು ಈ ಸಭೆಯಲ್ಲಿ ಕುಳಿತ ಹಿರಿಯರ ಕಣ್ಣುಗಳನ್ನು ನೋಡಿದಾಗ ಆ ದಿನವೇ ನೆನಪಾಗುತ್ತದೆ. ಅಗಲಿದವರ ನೆನಪೂ ಹಬ್ಬದ ಸಂತೋಷವೂ ಕೂಡಿದ ಈ ಹೊತ್ತಿನಲ್ಲಿ, ಹೆಚ್ಚು ಮಾತನಾಡಿ ಸದ್ದು ಮಾಡುವ ಕಂಚಾಗಲು ನಮಗೆ ಇಷ್ಟವಿಲ್ಲ. ತಾಳವನ್ನು ಎದೆಗೊತ್ತಿ ನಿಲ್ಲಿಸುತ್ತೇವೆ.