ನೆಲಕ್ಕಂಟಿದ ಕಾರನ್ನು ಎತ್ತುವ ಬಗೆ

ಅಮೆರಿಕದ ಶೆವ್ರೊಲೆ ಕಾರ್ವೆಟ್ ಕಾರಿನ ಐದನೆಯ ಪೀಳಿಗೆಗೆ ಸಿ5 ಎಂದು ಹೆಸರು. ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್ ಕಾರ್ಖಾನೆಯಿಂದ 1997ರಿಂದ 2004ರವರೆಗಿನ ಮಾಡೆಲ್‌ಗಳಾಗಿ ಹೊರಬಂದ ಈ ಸ್ಪೋರ್ಟ್ಸ್ ಕಾರು ಈಗ ಹಳೆಯದಾಗಿದೆ, ಬೆಲೆಯೂ ಇಳಿದಿದೆ. ಹಾಗಾಗಿ ಎಣ್ಣೆ ಬದಲಿಸುವುದು, ಬ್ರೇಕ್ ಪ್ಯಾಡ್ ಹಾಕುವುದು ಮುಂತಾದ ಕೆಲಸಗಳನ್ನು ಮನೆಯ ಗ್ಯಾರೇಜಿನಲ್ಲೇ ಮಾಡಿಕೊಳ್ಳುವವರ ಕೈಗೆ ಅದು ಬಂದಿದೆ. ಇವರೆಲ್ಲರಿಗೂ ಮೊದಲು ಎದುರಾಗುವ ತೊಡಕು ಒಂದೇ: ಕಾರನ್ನು ಮೇಲೆತ್ತುವುದು. ಅದರ ತೂಕ ಸುಮಾರು ಒಂದೂವರೆ ಟನ್. ಹೊಟ್ಟೆಯ ಕೆಳಗೆ ಇರುವ ಜಾಗ ನಾಲ್ಕು ಅಂಗುಲದ ಆಸುಪಾಸು. ಮೂತಿಯ ಕೆಳಗೆ ಗಾಳಿಯನ್ನು ತಿರುಗಿಸಲು ಕಟ್ಟಿರುವ ಪಟ್ಟಿ ಅದಕ್ಕಿಂತಲೂ ತಗ್ಗು. ಸಾಮಾನ್ಯ ಟ್ರಾಲಿ ಜಾಕ್ ಪೂರ್ತಿ ಇಳಿಸಿದಾಗಲೂ ಐದು ಅಂಗುಲ ಇರುವುದರಿಂದ ಅಲ್ಲಿ ತೂರುವುದೇ ಇಲ್ಲ. ಕಾರಿನ ಜೊತೆಗೆ ಕಂಪನಿ ಜಾಕ್ ಕೊಟ್ಟಿರಲಿಲ್ಲ; ಗಾಳಿ ಹೋದರೂ ಸ್ವಲ್ಪ ದೂರ ಓಡಬಲ್ಲ ಟೈರುಗಳನ್ನು ಹಾಕಿ ಸ್ಟೆಪ್ನಿಯನ್ನೇ ಕೈಬಿಟ್ಟಿದ್ದರಿಂದ ಜಾಕಿನ ಅಗತ್ಯ ಕಾಣಲಿಲ್ಲ.

ತಗ್ಗಿರುವುದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಈ ಕಾರಿನ ಕೆಳಭಾಗದಲ್ಲಿ ಭಾರ ಹೊರಬಲ್ಲ ಜಾಗಗಳು ಬಹಳ ಕಡಿಮೆ. ಮೈಹೊದಿಕೆ ತಗಡಿನದ್ದಲ್ಲ, ನಾರು ಬೆರೆಸಿದ ಪ್ಲಾಸ್ಟಿಕ್ಕಿನದು. ಒಳಗಿನ ನೆಲದ ಹಲಗೆ ಎರಡು ತೆಳುಪದರಗಳ ನಡುವೆ ಬಾಲ್ಸಾ ಎಂಬ ಹಗುರ ಮರವನ್ನಿಟ್ಟು ಮಾಡಿದ್ದು. ಕೂತವರ ಕಾಲಿನ ಭಾರವನ್ನು ಅದು ಸುಲಭವಾಗಿ ಹೊರುತ್ತದೆ, ಆದರೆ ಜಾಕಿನ ಬಟ್ಟಲಷ್ಟು ಜಾಗದಲ್ಲಿ ಅರ್ಧ ಟನ್ ಒತ್ತಿದರೆ ನುಗ್ಗಾಗುತ್ತದೆ. ಎಂಜಿನ್ನಿನ ಎಣ್ಣೆ ತಟ್ಟೆ ಅಲ್ಯೂಮಿನಿಯಂ ಎರಕದ್ದು, ಒತ್ತಿದರೆ ಬಿರಿಯುತ್ತದೆ. ಎಂಜಿನ್ನನ್ನೂ ಹಿಂದಿರುವ ಗೇರ್‌ಬಾಕ್ಸನ್ನೂ ಜೋಡಿಸುವ ಉದ್ದನೆಯ ಕೊಳವೆ ನಡುವೆ ಸಾಗುತ್ತದೆ; ಅದೂ ಎತ್ತುವ ಜಾಗವಲ್ಲ.

ಎಲ್ಲಕ್ಕಿಂತ ಮೋಸ ಮಾಡುವುದು ಸ್ಪ್ರಿಂಗ್. ಕಾರ್ವೆಟ್‌ನಲ್ಲಿ 1981ರಿಂದ ಹಿಂದೆ, 1984ರಿಂದ ಮುಂದೆಯೂ ಗಾಜಿನ ನಾರಿನ ಪಟ್ಟಿ ಸ್ಪ್ರಿಂಗ್ ಬಂತು. ಲಾರಿಯ ಪಟ್ಟಿಗಳಂತೆ ಅದು ಉದ್ದಕ್ಕೆ ಇರುವುದಿಲ್ಲ, ಒಂದು ಚಕ್ರದಿಂದ ಇನ್ನೊಂದು ಚಕ್ರದ ಕಡೆಗೆ ಅಡ್ಡಲಾಗಿ ಹಾಯುತ್ತದೆ. ಕೆಳಗೆ ಬಗ್ಗಿ ಟಾರ್ಚ್ ಬಿಟ್ಟು ನೋಡಿದವರ ಕಣ್ಣಿಗೆ ಅದು ದಪ್ಪನೆಯ ಅಡ್ಡತೊಲೆಯಂತೆಯೇ ಕಾಣುತ್ತದೆ, ಜಾಕ್ ಕೊಡಲು ಹೇಳಿ ಮಾಡಿಸಿದಂತೆ. ಅಲ್ಲಿ ಜಾಕ್ ಕೊಟ್ಟರೆ ನಾರು ಸೀಳುತ್ತದೆ. ಆ ಗಾಯ ಆಗಲೇ ಕಾಣದೆ, ಮುಂದೆಂದೋ ರಸ್ತೆಯ ಮೇಲೆ ಸ್ಪ್ರಿಂಗ್ ಮುರಿಯಬಹುದು.

ಹಾಗಾದರೆ ಹಿಡಿಯಬೇಕಾದದ್ದು ಎಲ್ಲಿ? ಬಾಗಿಲ ಕೆಳಗೆ ಉದ್ದಕ್ಕೆ ಸಾಗುವ ಉಕ್ಕಿನ ಚೌಕಟ್ಟಿನಲ್ಲಿ. ಮುಂದಿನ ಚಕ್ರದ ಹಿಂದೆ ಒಂದು, ಹಿಂದಿನ ಚಕ್ರದ ಮುಂದೆ ಒಂದು, ಹೀಗೆ ಎರಡೂ ಪಕ್ಕ ಸೇರಿ ನಾಲ್ಕು ಉದ್ದುದ್ದ ಕಂಡಿಗಳಿವೆ. ಕಾರ್ಖಾನೆಯಿಂದ ಸಾಗಿಸುವಾಗ ಕಾರನ್ನು ಬಿಗಿದು ಕಟ್ಟಲು ಬಳಸುವ ಕಂಡಿಗಳಿವು. ಅವಕ್ಕೆ ಹೊಂದುವ ಬಿಲ್ಲೆಗಳು ಅಂಗಡಿಯಲ್ಲಿ ಸಿಗುತ್ತವೆ: ಅಂಗೈಗಿಂತ ಚಿಕ್ಕದಾದ, ಸುಮಾರು ಒಂದು ಅಂಗುಲ ದಪ್ಪದ ಗುಂಡು ಬಿಲ್ಲೆ, ಅದರ ನೆತ್ತಿಯಲ್ಲಿ ಅಡ್ಡ ತಲೆಯ ಮೊಳೆ. ಕಂಡಿಯ ಉದ್ದಕ್ಕೆ ತಲೆಯನ್ನು ತೂರಿಸಿ ಕಾಲುಸುತ್ತು ತಿರುಗಿಸಿದರೆ ಬಿಲ್ಲೆ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಜಾಕ್ ಈಗ ಬಿಲ್ಲೆಯನ್ನಷ್ಟೇ ಒತ್ತುತ್ತದೆ, ಪಕ್ಕದ ಪ್ಲಾಸ್ಟಿಕ್ ಅಂಚನ್ನು ಮುಟ್ಟುವುದಿಲ್ಲ. ಇದಲ್ಲದೆ ಮುಂದೆ ಎಂಜಿನ್ ಹೊತ್ತಿರುವ ಮತ್ತು ಹಿಂದೆ ಸಸ್ಪೆನ್ಷನ್ ಹೊತ್ತಿರುವ ಅಲ್ಯೂಮಿನಿಯಂ ಅಡ್ಡತೊಟ್ಟಿಲುಗಳಿವೆ. ನಡುವೆ ಮರದ ತುಂಡನ್ನೋ ರಬ್ಬರ್ ಮೆತ್ತೆಯನ್ನೋ ಕೊಟ್ಟು ಅಲ್ಲಿಯೂ ಎತ್ತಬಹುದು.

ಟ್ರಾಲಿ ಜಾಕ್ ಕೆಲಸ ಮಾಡುವುದು ಹದಿನೇಳನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಬ್ಲೇಸ್ ಪಾಸ್ಕಲ್ ಕಂಡುಕೊಂಡ ತತ್ವದ ಮೇಲೆ. ಮುಚ್ಚಿದ ಪಾತ್ರೆಯಲ್ಲಿನ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಹಿಡಿಯನ್ನು ಒತ್ತಿದಾಗ ಸಣ್ಣ ಪಿಸ್ಟನ್ ಎಣ್ಣೆಯನ್ನು ತಳ್ಳುತ್ತದೆ. ದೊಡ್ಡ ಪಿಸ್ಟನ್ನಿನ ಅಗಲ ಹೆಚ್ಚಿರುವಷ್ಟೂ ಬಲ ಹೆಚ್ಚುತ್ತದೆ. ಹೀಗೆ ಒಂದು ಕೈಯ ಬಲದಿಂದ ಕಾರು ಮೇಲೇಳುತ್ತದೆ. ಆದರೆ ಎದ್ದ ಕಾರನ್ನು ಅಲ್ಲಿ ನಿಲ್ಲಿಸಿರುವುದು ಒಂದು ರಬ್ಬರ್ ಸೀಲು ಮತ್ತು ಪುಟ್ಟ ಕವಾಟ. ಸೀಲು ಸವೆದಿದ್ದರೆ ಕಾರು ನಿಧಾನವಾಗಿ ಇಳಿಯುತ್ತದೆ, ಹರಿದರೆ ಒಮ್ಮೆಗೇ ಕುಸಿಯುತ್ತದೆ. ಆದ್ದರಿಂದ ಜಾಕ್ ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಜಾಕಿನ ಮೇಲಷ್ಟೇ ನಿಂತ ಕಾರಿನ ಕೆಳಗೆ ಒಂದು ಕ್ಷಣಕ್ಕೂ, ಬಿದ್ದ ಸ್ಪ್ಯಾನರ್ ಎತ್ತಿಕೊಳ್ಳುವುದಕ್ಕೂ, ಕೈ ಹಾಕಬಾರದು.

ಹೊತ್ತು ನಿಲ್ಲಬೇಕಾದದ್ದು ಜಾಕ್ ಸ್ಟ್ಯಾಂಡ್. ಮೂರು ಟನ್ನಿನ ಸ್ಟ್ಯಾಂಡಿನ ಕನಿಷ್ಠ ಎತ್ತರವೇ ಸಾಮಾನ್ಯವಾಗಿ 28ರಿಂದ 30 ಸೆಂಟಿಮೀಟರ್. ಅಂದರೆ ಹತ್ತು ಸೆಂಟಿಮೀಟರ್ ಎತ್ತರದ ಚೌಕಟ್ಟನ್ನು ಇನ್ನೂ ಇಪ್ಪತ್ತು ಸೆಂಟಿಮೀಟರ್ ಮೇಲೆತ್ತಿದ ಮೇಲಷ್ಟೇ ಸ್ಟ್ಯಾಂಡ್ ಒಳಗೆ ಹೋದೀತು. ಸ್ಟ್ಯಾಂಡಿನ ತಲೆ ಚಪ್ಪಟೆಯಾಗಿರಬೇಕು. ಕೊಂಬಿನಂಥ ಅಂಚುಗಳಿದ್ದರೆ ಬಿಲ್ಲೆ ಜಾರುತ್ತದೆ. ಹಲ್ಲುಪಟ್ಟಿಗೆ ಕೊಕ್ಕೆ ಕಚ್ಚಿ ನಿಲ್ಲುವ ಸ್ಟ್ಯಾಂಡಾದರೆ ಕೊಕ್ಕೆ ಹಲ್ಲಿನ ಬುಡದವರೆಗೆ ಕೂತಿದೆಯೇ ಎಂದು ಪ್ರತಿಸಲ ಕಣ್ಣಿಟ್ಟು ನೋಡಬೇಕು. 2020ರಲ್ಲಿ ಅಮೆರಿಕದಲ್ಲಿ ಲಕ್ಷಗಟ್ಟಲೆ ಸ್ಟ್ಯಾಂಡುಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಿಕೊಂಡದ್ದು ಇದೇ ದೋಷಕ್ಕೆ. ಹಲ್ಲುಗಳ ಆಳ ಒಂದೇ ಸಮ ಇರದೆ, ಭಾರ ಹೊತ್ತಿರುವಾಗ ಕೊಕ್ಕೆ ತಪ್ಪಿ ಕಾರು ಬೀಳುವ ಸಂಭವವಿತ್ತು. ಹಲ್ಲಿನ ಜೊತೆಗೆ ಅಡ್ಡ ಪಿನ್ನೂ ಇರುವ ಸ್ಟ್ಯಾಂಡ್ ವಾಸಿ. ಸ್ಟ್ಯಾಂಡಿನ ಬದಲು ಇಟ್ಟಿಗೆ, ಸೈಜುಗಲ್ಲು, ಟೊಳ್ಳು ಸಿಮೆಂಟ್ ಬ್ಲಾಕ್ ಇಡುವ ರೂಢಿ ಅಪಾಯಕಾರಿ. ಇವು ಬಿರಿಯುವ ಮುನ್ನ ಬಾಗುವುದಿಲ್ಲ, ಮುನ್ಸೂಚನೆ ಕೊಡದೆ ಒಡೆದುಹೋಗುತ್ತವೆ.

ನೆಲ ಗಟ್ಟಿ ಕಾಂಕ್ರೀಟಿನದ್ದಾಗಿರಬೇಕು, ಮಟ್ಟಸವಾಗಿರಬೇಕು. ಅಮೆರಿಕದ ಮನೆಗಳ ಗ್ಯಾರೇಜಿನ ನೆಲ ನೀರು ಹರಿಯಲೆಂದು ಬಾಗಿಲ ಕಡೆಗೆ ತುಸು ಇಳಿಜಾರಾಗಿರುವುದು ಸಾಮಾನ್ಯ. ಬರಿಗಣ್ಣಿಗೆ ಕಾಣದಿದ್ದರೂ ಕಾರಿಗೆ ಅದು ಗೊತ್ತಾಗುತ್ತದೆ. ಮನೆಯ ಮುಂದಿನ ಡಾಂಬರು ಹಾದಿ ಬೇಸಿಗೆಯಲ್ಲಿ ಮೆತ್ತಗಾಗಿ ಸ್ಟ್ಯಾಂಡಿನ ಕಾಲು ಹೂತುಹೋಗುತ್ತದೆ. ಅಲ್ಲಿ ಕೆಲಸ ಮಾಡಲೇಬೇಕಾದರೆ ಕಾಲಿನ ಕೆಳಗೆ ದಪ್ಪ ಪ್ಲೈವುಡ್ ಹಾಸಬೇಕು.

ಕೆಲಸದ ಮೊದಲ ಹಂತ ಜಾಕಿನದ್ದಲ್ಲ, ಹಲಗೆಯದು. ಚಕ್ರಗಳ ಮುಂದೆ ಅಗಲ ಹಲಗೆಗಳನ್ನಿಟ್ಟು ಕಾರನ್ನು ನಿಧಾನವಾಗಿ ಅವುಗಳ ಮೇಲೆ ಹತ್ತಿಸಲಾಗುತ್ತದೆ. ಅಮೆರಿಕದಲ್ಲಿ ಎರಡು ಅಂಗುಲದ್ದೆಂದು ಮಾರುವ ಹಲಗೆ ಕೀಸುಳಿ ಹೊಡೆದ ಮೇಲೆ ಒಂದೂವರೆ ಅಂಗುಲವೇ ಇರುತ್ತದೆ, ಲೆಕ್ಕ ಹಾಕುವಾಗ ಇದು ನೆನಪಿರಬೇಕು. ಮೇಲಿನದು ಗಿಡ್ಡ, ಕೆಳಗಿನದು ಉದ್ದ ಬರುವಂತೆ ಎರಡು ಹಲಗೆ ಜೋಡಿಸಿ ತಿರುಪು ಹಾಕಿದರೆ ಮೂರು ಅಂಗುಲದ ಮೆಟ್ಟಿಲಾಯಿತು. ಅಂಗಡಿಯಲ್ಲಿ ಸಿಗುವ ಕಡಿದಾದ ಉಕ್ಕಿನ ಇಳಿಜಾರುಗಳು ಈ ಕಾರಿಗೆ ಒಗ್ಗುವುದಿಲ್ಲ, ಚಕ್ರ ಮುಟ್ಟುವ ಮೊದಲೇ ಮೂತಿ ತಗಲುತ್ತದೆ. ಹಲಗೆಯಿಂದ ಸಿಗುವ ಮೂರು ಅಂಗುಲ ಕಡಿಮೆಯೇನಲ್ಲ. ಬಿಲ್ಲೆಗಳನ್ನು ತೂರಿಸಲು ಕೈ ಆಡುತ್ತದೆ, ಜಾಕ್ ಒಳಗೆ ಹೋಗುತ್ತದೆ. ಉದ್ದನೆಯ ಮೂತಿಯ ಕೆಳಗೆ ಸಿಕ್ಕಿಕೊಂಡ ಜಾಕಿನ ಹಿಡಿಯನ್ನು ಆಡಿಸಲೂ ಜಾಗವಾಗುತ್ತದೆ.

ಎರಡನೆಯದು ಚಕ್ರಕ್ಕೆ ಬೆಣೆ. ಇಲ್ಲಿ ಕಾರಿನ ರಚನೆಯನ್ನು ಅರಿತಿರಬೇಕು. ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು, ಗೇರಿನಲ್ಲಿ ಬಿಟ್ಟರೂ ಹಿಡಿತ ಹಿಂದಿನ ಚಕ್ರಗಳದ್ದೇ. ಹಿಂಭಾಗ ಎತ್ತಿದೊಡನೆ ಎರಡೂ ನಿರುಪಯೋಗಿ. ಮುಂದಿನ ಚಕ್ರಗಳು ಉರುಳಲು ಸ್ವತಂತ್ರ. ಹಾಗಾಗಿ ಹಿಂದೆ ಎತ್ತುವಾಗ ಮುಂದಿನ ಎರಡೂ ಚಕ್ರಗಳಿಗೆ, ಎರಡೂ ಬದಿಯಿಂದ, ರಬ್ಬರ್ ಬೆಣೆ ಕೊಡಲೇಬೇಕು. ಮಣ್ಣಿನ ರಸ್ತೆಯಲ್ಲಿ ಲಾರಿಗೆ ಸಾಲುವ ಕಲ್ಲು ನುಣುಪು ಕಾಂಕ್ರೀಟಿನ ಮೇಲೆ ಚಕ್ರದೊಂದಿಗೇ ಜಾರುತ್ತದೆ. ಚಕ್ರ ಬಿಚ್ಚುವುದಿದ್ದರೆ ಟೈರು ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕು. ಸ್ಟ್ಯಾಂಡಿನ ಮೇಲಿರುವ ಕಾರಿನ ನಟ್ಟನ್ನು ಮೈಬಲ ಹಾಕಿ ಎಳೆಯುವುದು ಕಾರನ್ನು ಕೆಡವಲು ಹೊರಟಂತೆ.

ಬಿಲ್ಲೆಗೇ ಜಾಕ್ ಕೊಟ್ಟರೆ ಸ್ಟ್ಯಾಂಡ್ ಇಡಲು ಅಲ್ಲಿ ಜಾಗ ಉಳಿಯುವುದಿಲ್ಲ. ಅದಕ್ಕೇ ಮುಂದಿನ ತೊಟ್ಟಿಲಿನ ನಡುವಿಗೆ ಜಾಕ್ ಕೊಟ್ಟು ಮೂತಿಯನ್ನೆತ್ತಿ, ಎರಡೂ ಪಕ್ಕದ ಬಿಲ್ಲೆಗಳ ಕೆಳಗೆ ಸ್ಟ್ಯಾಂಡ್ ಇಡುವುದು ಒಳ್ಳೆಯ ಕ್ರಮ. ಜಾಕಿನ ತೋಳು ನೇರ ಮೇಲಕ್ಕೆ ಹೋಗುವುದಿಲ್ಲ, ಬಾಗಿದ ಹಾದಿಯಲ್ಲಿ ಏಳುತ್ತದೆ. ಆದ್ದರಿಂದ ಏಳುತ್ತ ಏಳುತ್ತ ಜಾಕ್ ತನ್ನ ಗಾಲಿಗಳ ಮೇಲೆ ಕಾರಿನ ಕೆಳಗೆ ತುಸು ಉರುಳಬೇಕು. ಗಾಲಿಯ ದಾರಿಯಲ್ಲಿ ಒಂದು ಹರಳುಕಲ್ಲೋ ನಟ್ಟೋ ಸಿಕ್ಕಿ ಜಾಕ್ ನಿಂತರೆ ಅದರ ಬಟ್ಟಲು ತೊಟ್ಟಿಲಿನಿಂದ ಜಾರತೊಡಗುತ್ತದೆ. ಎತ್ತುವ ಮುನ್ನ ನೆಲ ಗುಡಿಸುವುದು ಈ ಕೆಲಸದ ಭಾಗವೇ. ಸ್ಟ್ಯಾಂಡ್ ಇಟ್ಟ ಮೇಲೆ ಜಾಕನ್ನು ಕೂದಲೆಳೆಯಷ್ಟೇ ಇಳಿಸುತ್ತ ಭಾರವನ್ನು ದಾಟಿಸಬೇಕು, ನಾಲ್ಕೂ ಕಾಲು ನೆಲ ಕಚ್ಚಿವೆಯೇ ಎಂದು ನೋಡಬೇಕು.

ಎಷ್ಟೋ ಕೆಲಸಗಳಿಗೆ ಒಂದು ತುದಿ ಎತ್ತಿದರೆ ಸಾಕು. ಅಷ್ಟಕ್ಕೇ ನಿಲ್ಲಿಸುವುದು ಜಾಣತನ. ನಾಲ್ಕೂ ಚಕ್ರ ಮೇಲಿರಬೇಕಾದರೆ ಎರಡನೆಯ ತುದಿ ಏಳುವಾಗ ಕಾರು ಮೊದಲ ಜೋಡಿ ಸ್ಟ್ಯಾಂಡಿನ ಮೇಲೆ ಓಲುತ್ತದೆ. ಕಾರು ಉರುಳದಂತೆ ತಡೆಯಲು ನೆಲದ ಮೇಲೆ ಟೈರೂ ಇರುವುದಿಲ್ಲ. ಆದ್ದರಿಂದ ಎರಡೂ ತುದಿಗಳನ್ನು ಸರದಿಯಂತೆ ಸ್ವಲ್ಪಸ್ವಲ್ಪವೇ ಏರಿಸುತ್ತ, ಪ್ರತಿ ಏರಿಕೆಯ ನಂತರ ಹಳೆಯ ಸ್ಟ್ಯಾಂಡುಗಳ ಕಾಲನ್ನು ಮತ್ತೆ ನೋಡಬೇಕು.

ಕೆಳಗೆ ನುಸುಳುವ ಮುನ್ನ ಹೊರಗೆ ನಿಂತು ಕಾರನ್ನು ಪಕ್ಕದಿಂದ ಬಲವಾಗಿ ತಳ್ಳಿ ನೋಡಬೇಕು. ಬೀಳುವುದಿದ್ದರೆ ಆಗಲೇ ಬೀಳಲಿ. ಅಲುಗದಿದ್ದರೆ ಜಾಕನ್ನು ತೊಟ್ಟಿಲಿಗೆ ತಾಕುವಷ್ಟು ಏರಿಸಿ ಅಲ್ಲೇ ಬಿಡುವುದು ಮೇಲು. ಬಿಚ್ಚಿದ ಚಕ್ರಗಳನ್ನು ಗೋಡೆಗೆ ಒರಗಿಸದೆ ಚೌಕಟ್ಟಿನ ಕೆಳಗೆ ಮಲಗಿಸಬೇಕು. ಸಿ5ರ ಹಿಂದಿನ ಟೈರಿನ ಅಗಲ 275 ಮಿಲಿಮೀಟರ್. ಎಲ್ಲ ಆಸರೆಯೂ ತಪ್ಪಿ ಕಾರು ಬಿದ್ದರೂ ಆ ಚಕ್ರದ ಮೇಲೆ ಕೂರುತ್ತದೆ, ಮಲಗಿದವನ ಎದೆಯ ಮೇಲಲ್ಲ. ಯಾವ ಖರ್ಚೂ ಇಲ್ಲದ ಈ ಎಚ್ಚರವನ್ನು ಬಿಡಲು ಕಾರಣವೇ ಇಲ್ಲ. ಮನೆಯಲ್ಲಿ ಇನ್ನೊಬ್ಬರು ಇರುವಾಗಲೇ ಇಂಥ ಕೆಲಸಕ್ಕೆ ಕೈಹಾಕುವುದು ಒಳಿತು.

ಇಳಿಸುವುದು ಎತ್ತಿದ್ದರ ಹಿಮ್ಮುಖ ಕ್ರಮ. ಮೊದಲು ಕಾರಿನ ಕೆಳಗಿರುವ ಉಪಕರಣ, ಎಣ್ಣೆ ಹಿಡಿದ ತಟ್ಟೆ, ದೀಪ ಎಲ್ಲವನ್ನೂ ಹೊರತೆಗೆದು, ಚಕ್ರಗಳನ್ನು ಹಾಕಿ ನಟ್ಟುಗಳನ್ನು ಕೈಯಲ್ಲಿ ಕೂರಿಸಬೇಕು. ಜಾಕಿನ ಕವಾಟವನ್ನು ಗಡಿಯಾರದ ಮುಳ್ಳು ಸರಿದಷ್ಟು ನಿಧಾನವಾಗಿ ಬಿಡಬೇಕು. ಟೈರು ಹಲಗೆಯ ಮೇಲೆ ಕೂತ ಮೇಲೆ ನಟ್ಟುಗಳನ್ನು ಎದುರುಬದುರಾಗಿ, ಟಾರ್ಕ್ ವ್ರೆಂಚಿನಿಂದ ಸುಮಾರು 140 ನ್ಯೂಟನ್ ಮೀಟರಿಗೆ ಬಿಗಿಯಬೇಕು. ಕಾರು ಹಲಗೆಯಿಂದ ಇಳಿಯುವ ಮುನ್ನ ನಾಲ್ಕೂ ಬಿಲ್ಲೆಗಳನ್ನು ತಿರುಗಿಸಿ ತೆಗೆಯಬೇಕು. ಮರೆತರೆ ಮೊದಲ ರಸ್ತೆ ಉಬ್ಬಿಗೇ ಅವು ಬಡಿದು ಚೌಕಟ್ಟಿನ ಕಂಡಿ ಹರಿಯುತ್ತದೆ.