ಸಮರದಲ್ಲಿ ವಧ್ಯರಾರು?



ಶಸ್ತ್ರಧಾರಿಯಾದ ಯೋಧನನ್ನು ಕೊಂದರೆ ಶೌರ್ಯವೆಂದೂ, ನೇಗಿಲು ಹಿಡಿದ ರೈತನನ್ನು ಕೊಂದರೆ ಹತ್ಯೆಯೆಂದೂ ಲೋಕವು ಹೇಳುತ್ತದೆ. ಇಬ್ಬರದೂ ಪ್ರಾಣವೇ ಅಲ್ಲವೆ? ಈ ಭೇದಕ್ಕೆ ಆಧಾರವೇನೆಂಬುದನ್ನು ಈ ಹೊತ್ತು ಕೊಂಚ ವಿಚಾರ ಮಾಡೋಣ.

ಯೋಧನ ಜೀವವು ಅಗ್ಗವೆಂಬ ಕಾರಣದಿಂದ ಈ ಭೇದ ಹುಟ್ಟಿದುದಲ್ಲ. ಅವನು ಹೊಡೆಯಬಲ್ಲನು, ಆದಕಾರಣ ಅವನನ್ನು ಹೊಡೆಯಬಹುದು. ಅದರ ನ್ಯಾಯವಿಷ್ಟೇ. ಭೀಷ್ಮಪರ್ವದಲ್ಲಿ ಉಭಯಪಕ್ಷದವರೂ ಮಾಡಿಕೊಂಡ ಒಡಂಬಡಿಕೆಯೂ ಇದನ್ನೇ ಅನುಸರಿಸುತ್ತದೆ: ಆಯುಧ ಕಳೆದುಕೊಂಡವನನ್ನೂ, ಶಸ್ತ್ರ ಹೊತ್ತು ತರುವ ಆಳನ್ನೂ, ಭೇರಿ ಬಾರಿಸುವವನನ್ನೂ ಹೊಡೆಯಲಾಗದು. ನಿದ್ರಿಸುತ್ತಿದ್ದವರನ್ನು ರಾತ್ರಿಯಲ್ಲಿ ಕೊಂದ ಅಶ್ವತ್ಥಾಮನನ್ನು ನಮ್ಮ ಜನ ಇಂದಿಗೂ ಕ್ಷಮಿಸಿಲ್ಲ. ಸತ್ತವರಲ್ಲಿ ವೀರರಿದ್ದರು, ನಿಜ, ನಿದ್ರೆಯಲ್ಲಿ ವೀರನೆಂಬವನಿಲ್ಲ.

ಕತ್ತಿಯ ವಿಷಯದಲ್ಲಿ ಇಷ್ಟು ಸಾಕು. ಹಸಿವಿನ ವಿಷಯದಲ್ಲಿ ಸಾಲದು.

1791ರಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯವು ಕೋಲಾರ, ಹೊಸಕೋಟೆಗಳ ಮಾರ್ಗವಾಗಿ ಬೆಂಗಳೂರಿಗೆ ಬಂದಿತು. ಆ ಮಾರ್ಗಕ್ಕೆ ದಕ್ಷಿಣದಲ್ಲಿ, ಕೆಲವೇ ಮೈಲಿಗಳ ಆಚೆ, ವರ್ತೂರಿನ ದೊಡ್ಡ ಕೆರೆ. ಅಷ್ಟು ದಂಡು, ಅಷ್ಟು ಕುದುರೆ, ಅಷ್ಟು ಎತ್ತು ಸಮೀಪದಲ್ಲಿ ಸುಳಿದರೆ ಇಂತಹ ಕೆರೆಗಳ ಕೆಳಗಿನ ಗದ್ದೆಯವನಿಗೆ ಉಳಿಯುವುದೇನು? ಮಾರ್ಚಿ 7ರಂದು ಪೇಟೆಯ ಬಾಗಿಲಲ್ಲಿ ಬಿದ್ದ ಮೂರ್‌ಹೌಸನ ಹೆಸರು ಚರಿತ್ರೆಯಲ್ಲಿದೆ; 21ರ ರಾತ್ರಿ ಕೋಟೆಯಲ್ಲಿ ಕಾದಿ ಮಡಿದ ಕಿಲ್ಲೇದಾರ ಬಹದ್ದೂರ್ ಖಾನನ ಹೆಸರೂ ಇದೆ. ಗದ್ದೆಯವನ ಹೆಸರಿಲ್ಲ.

ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣಕ್ಕೆ ಹೊರಟಾಗ ಟೀಪೂ ಸುಲ್ತಾನನು ದಾರಿಯ ಸೀಮೆಯಲ್ಲಿ ಮೇವನ್ನೂ ಧಾನ್ಯವನ್ನೂ ನಾಶಪಡಿಸಿದನು. ಶತ್ರುವಿನ ಎತ್ತು ಕುದುರೆಗಳು ಹಸಿದು ಸತ್ತವು. 15ರಂದು ಅರಕೆರೆಯ ಬಳಿ ಗೆದ್ದರೂ ಕಾರ್ನ್‌ವಾಲಿಸನು ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಬೇಕಾಯಿತು. ದಂಡನಾಯಕನ ದೃಷ್ಟಿಯಿಂದ ಇದು ಜಾಣ್ಮೆಯೇ. ಆದರೆ ಶತ್ರುವಿನ ಎತ್ತಿಗಿಲ್ಲದ ಹುಲ್ಲು ರೈತನ ಎತ್ತಿಗೆ ಎಲ್ಲಿಂದ ಬರಬೇಕು?

ಇದೇ ಕಾಲದಲ್ಲಿ ಲಂಬಾಣಿಗರು ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಎರಡು ಪಾಳೆಯಗಳಿಗೂ ಮಾರುತ್ತಿದ್ದರು. ಬಹುಮಟ್ಟಿಗೆ ಅವರನ್ನು ಯಾರೂ ಮುಟ್ಟುತ್ತಿರಲಿಲ್ಲ. ಇದು ಕರುಣೆಯಲ್ಲ, ಸ್ವಾರ್ಥವೆಂದೇ ಇಟ್ಟುಕೊಳ್ಳೋಣ. ಧಾನ್ಯ ಮಾರುವವನಿಗೆ ದೊರೆತ ಅಭಯವು ಧಾನ್ಯ ಬೆಳೆಯುವವನಿಗೆ ದೊರೆಯಲಿಲ್ಲ, ಅಷ್ಟೇ.

1949ರ ಜಿನೀವಾ ಒಪ್ಪಂದವು ನಾಗರಿಕರಿಗೆ ರಕ್ಷಣೆಯನ್ನು ವಿಧಿಸಿತು. 1977ರ ಅನುಬಂಧವು ಜನರನ್ನು ಉಪವಾಸ ಕೆಡವುವುದನ್ನು ಯುದ್ಧದ ಉಪಾಯವಾಗಿ ಬಳಸಲಾಗದೆಂದಿತು. ಬೆಳೆಯನ್ನೂ ನೀರಿನ ಕಟ್ಟಡಗಳನ್ನೂ ಕಾಪಾಡಿತು. ಆದರೆ ಅದೇ ವಿಧಿಯ ಕೊನೆಗೆ ಒಂದು ವಿನಾಯಿತಿಯುಂಟು: ಆಕ್ರಮಣವನ್ನು ತಡೆಯುವ ರಾಜ್ಯವು, ಅನಿವಾರ್ಯವಾದಲ್ಲಿ, ತನ್ನ ವಶದಲ್ಲಿರುವ ತನ್ನ ನೆಲದಲ್ಲಿ ಇವನ್ನು ನಾಶಪಡಿಸಬಹುದು! ಟೀಪುವಿನ ಕಾರ್ಯಕ್ಕೆ ನೂರೆಂಬತ್ತಾರು ವರ್ಷಗಳ ತರುವಾಯ ಅನುಮತಿ ದೊರೆತಂತಾಯಿತು. ನಮಗಂತೂ ಇದು ಒಪ್ಪಿಗೆಯಿಲ್ಲ. ಹೊಡೆಯಲಾರದವನನ್ನು ಹೊಡೆಯಬಾರದೆಂಬುದು ನ್ಯಾಯವಾದರೆ, ಹೊಡೆಯುವ ಕೈ ಸ್ವಂತ ದೊರೆಯದಾದ ಮಾತ್ರಕ್ಕೆ ಆ ನ್ಯಾಯವು ಸಡಿಲವಾಗುವುದೆಂತು?

ಹಾಗೆ ಮಾಡದಿದ್ದರೆ ರಾಜಧಾನಿಯೇ ಅಂದು ಬೀಳುತ್ತಿತ್ತೆಂದು ಕೆಲವರು ಆಕ್ಷೇಪಿಸಬಹುದು. ಬೀಳುತ್ತಿತ್ತೋ ಏನೋ. ಕಾರ್ನ್‌ವಾಲಿಸನು ಮರುವರ್ಷ ಮತ್ತೆ ಬಂದನು. 1792ರ ಸಂಧಿಯಲ್ಲಿ ಸುಲ್ತಾನನು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟನು. ನಡುವೆ ದೊರೆತದ್ದು ಒಂಬತ್ತು ತಿಂಗಳಷ್ಟು ಅವಧಿ; ಅದಕ್ಕೆ ತೆತ್ತ ಬೆಲೆಯಲ್ಲಿ ಆ ದಾರಿಯ ಹಳ್ಳಿಗಳ ಒಂದು ಸುಗ್ಗಿಯೂ ಸೇರಿತ್ತು.