ಸಾವಿನ ಸುದ್ದಿಗೆ ನಗು

2024ರ ಡಿಸೆಂಬರ್ ಮೊದಲ ವಾರದ ಒಂದು ಸಂಜೆ, ಒಂದು ಕೊಲೆಯ ಸುದ್ದಿಯನ್ನು ಓದಿ ನಾನು ಗಳಿಗೆ ಹೊತ್ತು ಸಂತೋಷಪಟ್ಟೆ. ಆ ಸಂತೋಷವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆ ನಾಚಿಕೆಗೆ ಕಾರಣವೇನೆಂದು ವಿಚಾರಿಸಿ ನೋಡುವುದೇ ನನ್ನ ಈ ಹೊತ್ತಿನ ಮಾತಿನ ಉದ್ದೇಶ.

ಸುದ್ದಿ ಇಷ್ಟು. ಡಿಸೆಂಬರ್ 4, ಬುಧವಾರ, ಬೆಳಗಿನ ಆರೂಮುಕ್ಕಾಲರ ಸುಮಾರಿಗೆ ನ್ಯೂಯಾರ್ಕಿನ ಮ್ಯಾನ್‌ಹಟನ್ನಿನಲ್ಲಿ, ಹಿಲ್ಟನ್ ಹೋಟೆಲಿನ ಹೊರಗೆ, ಮುಸುಕು ಹಾಕಿದ್ದ ಒಬ್ಬಾತ ಬ್ರಯನ್ ಥಾಂಪ್ಸನ್ ಎಂಬವರನ್ನು ಹಿಂದಿನಿಂದ ಗುಂಡಿಕ್ಕಿ ಕೊಂದ. ಥಾಂಪ್ಸನ್ ಯುನೈಟೆಡ್‌ಹೆಲ್ತ್‌ಕೇರ್ ಎಂಬ ದೊಡ್ಡ ಆರೋಗ್ಯವಿಮಾ ಕಂಪನಿಯ ಮುಖ್ಯ ಕಾರ್ಯನಿರ್ವಾಹಕರು. 50 ವರ್ಷದವರು, ಇಬ್ಬರು ಗಂಡುಮಕ್ಕಳ ತಂದೆ. ಹೂಡಿಕೆದಾರರ ಸಭೆಗೆಂದು ಆ ಹೋಟೆಲಿಗೆ ಬರುತ್ತಿದ್ದರು. ಸ್ಥಳದಲ್ಲಿ ಸಿಕ್ಕ ತೋಟಾಗಳ ಮೇಲೆ ‘ತಡಮಾಡು’, ‘ನಿರಾಕರಿಸು’ ಎಂಬ ಅರ್ಥದ ಇಂಗ್ಲಿಷ್ ಪದಗಳನ್ನು ಬರೆದಿತ್ತು. ವಿಮೆಯ ಹಣಕ್ಕಾಗಿ ಅಲೆದವರಿಗೆ ಆ ಪದಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಐದು ದಿನಗಳ ತರುವಾಯ ಪೆನ್ಸಿಲ್ವೇನಿಯಾದಲ್ಲಿ 26 ವರ್ಷದ ತರುಣನೊಬ್ಬನನ್ನು ಬಂಧಿಸಿದರು. ತಾನು ನಿರ್ದೋಷಿಯೆಂದು ಅವನು ನ್ಯಾಯಾಲಯದಲ್ಲಿ ಹೇಳಿದ. ತೀರ್ಪು ನ್ಯಾಯಾಲಯದ ಕೆಲಸ. ಅವನ ಹೆಸರು ಈಗಾಗಲೇ ಬೇಕಾದಷ್ಟು ಮೆರೆದಿರುವುದರಿಂದ ನಾನು ಅದನ್ನು ಮತ್ತೆ ಹೇಳುವುದಿಲ್ಲ.

ನನ್ನ ವಿಷಯ ಕೊಂದವನಲ್ಲ, ನಕ್ಕವರು. ಆ ಕಂಪನಿಯ ಮಾತೃಸಂಸ್ಥೆ ಫೇಸ್‌ಬುಕ್ಕಿನಲ್ಲಿ ಒಂದು ಸಂತಾಪದ ಹೇಳಿಕೆಯನ್ನು ಪ್ರಕಟಿಸಿತು. ಅದರ ಕೆಳಗೆ ಹತ್ತಾರು ಸಾವಿರ ಜನ ನಗುವ ಮುಖದ ಗುರುತನ್ನು ಒತ್ತಿದರು. ಸಂತಾಪ ಸೂಚಿಸುವುದಕ್ಕೆ ಮೊದಲು ಕಂಪನಿಯ ಪೂರ್ವಾನುಮತಿ ಪಡೆಯಬೇಕಲ್ಲವೆ ಎಂಬ ಧಾಟಿಯ ಕುಹಕಗಳು ಒಂದರ ಹಿಂದೊಂದು ಬಂದವು. ಕೊಲೆಯಾದ ಮೂರು ದಿನಕ್ಕೆ ಅದೇ ನಗರದ ಒಂದು ಉದ್ಯಾನದಲ್ಲಿ, ಕೊಲೆಗಾರನನ್ನು ಹೋಲುವವರ ವೇಷಸ್ಪರ್ಧೆಯೂ ನಡೆಯಿತು.

ನನ್ನ ಮೊಬೈಲಿನಲ್ಲಿಯೂ ಆ ಹೇಳಿಕೆ ಬಂದಿತ್ತು. ನನ್ನ ಹೆಬ್ಬೆರಳೂ ಆ ನಗುವ ಮುಖದ ಮೇಲೆ ಬಂದು ನಿಂತಿತ್ತು.

ಏಕೆ ಎಂಬುದನ್ನು ಹೇಳಬೇಕು. 2022ರಲ್ಲಿ ನನ್ನ ಅಣ್ಣನಿಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಅವನು ನಿವೃತ್ತ ಉಪಾಧ್ಯಾಯ. ಆರು ವರ್ಷ ಒಂದು ಕಂತನ್ನೂ ತಪ್ಪಿಸದೆ ಆರೋಗ್ಯವಿಮೆಗೆ ಹಣ ಕಟ್ಟಿದ್ದ. ಆಸ್ಪತ್ರೆಯ ಬಿಲ್ಲುಗಳನ್ನೆಲ್ಲ ಕಳುಹಿಸಿದ ಎರಡು ತಿಂಗಳಿಗೆ ಒಂದು ಪತ್ರ ಬಂತು. ರಕ್ತದೊತ್ತಡವಿದ್ದುದನ್ನು ಪಾಲಿಸಿ ಮಾಡಿಸುವಾಗ ತಿಳಿಸಿರಲಿಲ್ಲವಾದ್ದರಿಂದ ಹಣ ಕೊಡಲಾಗುವುದಿಲ್ಲ ಎಂದಿತ್ತು. ಪತ್ರದ ಕೊನೆಯಲ್ಲಿ, ಇದು ಕಂಪ್ಯೂಟರಿನಲ್ಲಿ ಸಿದ್ಧವಾದುದರಿಂದ ಸಹಿಯ ಅಗತ್ಯವಿಲ್ಲ ಎಂಬ ಒಕ್ಕಣೆ. ಅತ್ತಿಗೆಯ ಬಳೆಗಳು ಬ್ಯಾಂಕಿಗೆ ಹೋದವು. ನಾನು ಹತ್ತಾರು ಸಲ ಫೋನು ಮಾಡಿದೆ. ಪ್ರತಿಸಲವೂ ಬೇರೆ ಬೇರೆ ಧ್ವನಿ, ಉತ್ತರ ಮಾತ್ರ ಒಂದೇ. ನಮ್ಮ ಸಿಟ್ಟನ್ನು ತೋರಿಸಲು ಒಂದು ಮುಖವಾದರೂ ಬೇಕಲ್ಲ, ಅದೇ ಇರಲಿಲ್ಲ. ಡಿಸೆಂಬರಿನ ಆ ಸಂಜೆ, ಎಂದೂ ಕಾಣದ ದೇಶದ ಎಂದೂ ಕಾಣದ ಮನುಷ್ಯನ ಸಾವಿನಲ್ಲಿ ನನಗೆ ಆ ಮುಖ ಸಿಕ್ಕಂತಾಯಿತು. ನನ್ನ ಸಂತೋಷದ ಗುಟ್ಟು ಇಷ್ಟೆ.

ಆದ್ದರಿಂದ ನಕ್ಕವರೆಲ್ಲ ಕಟುಕರೆಂದು ನಾನು ಹೇಳಲಾರೆ. ಅವರ ನೋವು ಸುಳ್ಳಲ್ಲ. ಕೊಲೆಗೆ ಕೆಲವೇ ವಾರಗಳ ಹಿಂದೆ, 2024ರ ಅಕ್ಟೋಬರಿನಲ್ಲಿ, ಅಮೆರಿಕದ ಸೆನೆಟ್ಟಿನ ಒಂದು ಉಪಸಮಿತಿ ವರದಿಯೊಂದನ್ನು ಹೊರತಂದಿತ್ತು. ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ವೃದ್ಧರಿಗೆ ಬೇಕಾಗುವ ಮುಂದಿನ ಆರೈಕೆಗೆ ಇದೇ ಕಂಪನಿ ಅನುಮತಿ ನಿರಾಕರಿಸಿದ ಪ್ರಮಾಣ 2020ರಲ್ಲಿ ಶೇ. 10.9 ಇದ್ದುದು 2022ರಲ್ಲಿ ಶೇ. 22.7ಕ್ಕೆ ಏರಿತ್ತೆಂದು ಅದರಲ್ಲಿದೆ. ಕೊಲೆಯ ಅನಂತರ ಷಿಕಾಗೋ ವಿಶ್ವವಿದ್ಯಾನಿಲಯದ ಒಂದು ಸಂಸ್ಥೆ ಜನಾಭಿಪ್ರಾಯ ಕೇಳಿತು. ಕೊಂದವನ ಹೊಣೆ ದೊಡ್ಡದೆಂದು ಹತ್ತರಲ್ಲಿ ಎಂಟು ಮಂದಿ ಹೇಳಿದರು. ವಿಮಾ ಕಂಪನಿಗಳ ನಿರಾಕರಣೆಗೂ ಲಾಭಕ್ಕೂ ಅದರಲ್ಲಿ ಪಾಲಿದೆಯೆಂದು ಹತ್ತರಲ್ಲಿ ಏಳು ಮಂದಿ ಹೇಳಿದರು. ಎರಡು ಮಾತನ್ನೂ ಒಟ್ಟಿಗೆ ಹೇಳಿದವರು ಅನೇಕರು. ಸಾಮಾನ್ಯ ಜನರ ವಿವೇಕ ನಾವು ತಿಳಿದಷ್ಟು ಕುರುಡಲ್ಲ.

ಆದರೆ ಮೊಬೈಲಿನಲ್ಲಿ ಆ ವಿವೇಕ ಕಾಣಿಸಲಿಲ್ಲ. ಅದೇ ತಿಂಗಳು ಎಮರ್ಸನ್ ಕಾಲೇಜು ನಡೆಸಿದ ಸಮೀಕ್ಷೆಯಲ್ಲಿ ಶೇ. 68 ಮಂದಿ ಈ ಕೊಲೆಯನ್ನು ಒಪ್ಪಲಾಗದೆಂದರು. ಮೂವರಲ್ಲಿ ಇಬ್ಬರು ಒಪ್ಪದ ಕೃತ್ಯವನ್ನು ಲೋಕಕ್ಕೆ ಲೋಕವೇ ಮೆಚ್ಚಿದಂತೆ ಕಂಡದ್ದು ಹೇಗೆ? ಒಪ್ಪದವನು ಸುಮ್ಮನಿರುತ್ತಾನೆ, ನಗುವವನು ಗುರುತು ಒತ್ತುತ್ತಾನೆ. ಯಂತ್ರಕ್ಕೆ ಒತ್ತಿದ್ದೊಂದೇ ಲೆಕ್ಕ, ಮೌನ ಲೆಕ್ಕಕ್ಕಿಲ್ಲ. ಫೇಸ್‌ಬುಕ್ 2017ರಿಂದ ಕೆಲವು ಕಾಲ, ಬರಿಯ ಮೆಚ್ಚುಗೆಯ ಗುರುತಿಗಿಂತ ನಗು, ಕೋಪ ಮುಂತಾದ ಮುಖಗಳಿಗೆ ಐದು ಪಟ್ಟು ಬೆಲೆ ಕಟ್ಟಿ, ಅವು ಹೆಚ್ಚಾಗಿ ಬಿದ್ದ ಬರಹವನ್ನು ಹೆಚ್ಚು ಜನರ ಮುಂದೆ ಇಡುತ್ತಿತ್ತು. ಆ ತೂಕಗಳನ್ನು ಆಮೇಲೆ ಬದಲಾಯಿಸಿತೆಂಬುದು ನಿಜ. ಆದರೂ ಕೆರಳಿದ ಮನಸ್ಸು ಆ ವ್ಯಾಪಾರದ ಸರಕು ಎಂಬುದು ಇದರಿಂದ ತಿಳಿಯುತ್ತದೆ. ವಿಮಾ ಕಂಪನಿ ನಮ್ಮ ಕಾಯಿಲೆಯಿಂದ ಲಾಭ ಪಡೆಯುತ್ತದೆಂದು ಸಿಟ್ಟಾದವರು ಆ ಸಿಟ್ಟನ್ನೇ ಇನ್ನೊಂದು ಕಂಪನಿಯ ಲಾಭಕ್ಕೆ ಒಪ್ಪಿಸಿ ಬಂದರು. ಅದೇ ಸಮೀಕ್ಷೆಯಲ್ಲಿ 18ರಿಂದ 29 ವಯಸ್ಸಿನವರಲ್ಲಿ ಶೇ. 41 ಮಂದಿ ಕೊಲೆ ಒಪ್ಪತಕ್ಕದ್ದೆಂದರು. ಈ ಅಂಕಿ ಬರಿಯ ಯಂತ್ರದ ಕೈವಾಡವೆಂದು ತಳ್ಳಿಹಾಕುವಂಥದಲ್ಲ. ನಮ್ಮ ಮಕ್ಕಳ ವಯಸ್ಸಿನವರಿಗೆ ನ್ಯಾಯದ ಬಾಗಿಲುಗಳೆಲ್ಲ ಮುಚ್ಚಿದಂತೆ ಏಕೆ ಕಾಣುತ್ತದೆಂದು ನಾವು ಕೇಳಿಕೊಳ್ಳಬೇಕಾಗಿದೆ.

ಕೊಲೆಗೆ ಜೈಕಾರ ಹಾಕುವುದು ಮೊಬೈಲಿನೊಡನೆ ಹುಟ್ಟಿದ್ದಲ್ಲ. 1892ರಲ್ಲಿ ಅದೇ ಪೆನ್ಸಿಲ್ವೇನಿಯಾದ ಹೋಮ್‌ಸ್ಟೆಡ್ ಎಂಬಲ್ಲಿ ಕಾರ್ನೆಗಿ ಉಕ್ಕಿನ ಕಾರ್ಖಾನೆಯ ಆಡಳಿತ ಕೂಲಿಗಾರರನ್ನು ಹೊರಗಿಟ್ಟು ಬೀಗ ಹಾಕಿತು. ಜುಲೈ 6ರಂದು ಕಂಪನಿ ಕರೆಸಿದ ಖಾಸಗಿ ಕಾವಲುಪಡೆಗೂ ಕೂಲಿಗಾರರಿಗೂ ಕಾಳಗವಾಗಿ ಎರಡು ಕಡೆಯವರೂ ಸತ್ತರು. ಜುಲೈ 23ರಂದು ಅಲೆಕ್ಸಾಂಡರ್ ಬರ್ಕ್‌ಮನ್ ಎಂಬ ಅರಾಜಕತಾವಾದಿ ತರುಣ ಕಂಪನಿಯ ಮುಖ್ಯಸ್ಥ ಹೆನ್ರಿ ಕ್ಲೇ ಫ್ರಿಕ್‌ನ ಕಚೇರಿಗೆ ನುಗ್ಗಿ ಗುಂಡು ಹಾರಿಸಿದ, ಇರಿದ. ಬರ್ಕ್‌ಮನ್ ಆ ಕಾರ್ಖಾನೆಯ ಕೂಲಿಗಾರನಲ್ಲ. ಇತ್ತ ನ್ಯೂಯಾರ್ಕಿನ ಪ್ರಕರಣದಲ್ಲಿಯೂ ಆರೋಪಿ ತಮ್ಮ ಗ್ರಾಹಕನಾಗಿರಲಿಲ್ಲವೆಂದು ಕಂಪನಿ ಹೇಳಿತು. ಪರರ ನೋವನ್ನು ಅವರ ಅಪ್ಪಣೆಯಿಲ್ಲದೆ ಎತ್ತಿಕೊಂಡು ಹೊರಡುವುದು ಇಂಥ ಕೃತ್ಯಗಳ ಒಂದು ಲಕ್ಷಣವೆಂದು ತೋರುತ್ತದೆ.

ಫ್ರಿಕ್ ಬದುಕಿಕೊಂಡ, ಬೇಗನೆ ಕೆಲಸಕ್ಕೂ ಹಿಂತಿರುಗಿದ. ಅಲ್ಲಿಯವರೆಗೆ ಕೂಲಿಗಾರರ ಕಡೆಗಿದ್ದ ಸಾರ್ವಜನಿಕರ ಅನುಕಂಪ ಸಡಿಲವಾಯಿತು. ನವೆಂಬರಿನಲ್ಲಿ ಹೋರಾಟ ಮುರಿದುಬಿತ್ತು. ಸೋಲಿಗೆ ಇದೊಂದೇ ಕಾರಣವಲ್ಲ. ಆದರೆ ಗುಂಡು ಕೂಲಿಗಾರರಿಗೆ ಒಂದು ಬಿಡಿಕಾಸನ್ನೂ ತಂದುಕೊಡಲಿಲ್ಲ. ಉಕ್ಕಿನ ಉದ್ಯಮದಲ್ಲಿ ಕಾರ್ಮಿಕ ಸಂಘ ಮತ್ತೆ ಬಲವಾಗಿ ನಿಲ್ಲಲು 1930ರ ದಶಕ ಬರಬೇಕಾಯಿತು. ಬರ್ಕ್‌ಮನ್ ತನ್ನ ಸೆರೆಮನೆಯ ನೆನಪುಗಳಲ್ಲಿ ಒಂದು ಪ್ರಸಂಗವನ್ನು ಬರೆದಿದ್ದಾನೆ: ಸೆರೆಯಲ್ಲಿ ಸಿಕ್ಕ ಹೋಮ್‌ಸ್ಟೆಡ್ಡಿನ ಕೂಲಿಗಾರನೊಬ್ಬನಿಗೆ ಇವನು ಏತಕ್ಕಾಗಿ ಗುಂಡು ಹಾರಿಸಿದನೆಂಬುದೇ ಅರ್ಥವಾಗಲಿಲ್ಲ.

ಅಲ್ಲಿ ಬೀಡುಬಿಟ್ಟಿದ್ದ ಸರ್ಕಾರಿ ಪಡೆಯ ಒಬ್ಬ ಸಿಪಾಯಿ, ಫ್ರಿಕ್‌ಗೆ ಗುಂಡು ತಗುಲಿತೆಂದು ಕೇಳಿ, ಹೊಡೆದವನಿಗೆ ಜೈ ಎಂದು ಕೂಗಿದ. ಅವನನ್ನು ಹೆಬ್ಬೆರಳುಗಳಿಂದ ಕಟ್ಟಿ ತೂಗುಹಾಕಿದರು, ಅರ್ಧ ತಲೆ ಬೋಳಿಸಿ ಪಡೆಯಿಂದ ಅಟ್ಟಿದರು. ಆ ಶಿಕ್ಷೆ ಅಮಾನುಷವಾದುದು. ಆದರೆ ಆ ಸಿಪಾಯಿ ತನ್ನ ಮಾತಿಗೆ ತಾನೇ ಬೆಲೆ ತೆತ್ತ. ಇಂದಿನ ಜೈಕಾರಕ್ಕೂ ಹೆಬ್ಬೆರಳೇ ಸಾಧನ. ಒತ್ತಿದವನಿಗೆ ಖರ್ಚಿಲ್ಲ, ಮರುದಿನ ನೆನಪೂ ಇಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಕೊಲೆಯ ಮರುದಿನವೇ ಆಂಥೆಮ್ ಎಂಬ ಬೇರೊಂದು ವಿಮಾಸಂಸ್ಥೆ, ಅರಿವಳಿಕೆಯ ಚಿಕಿತ್ಸೆಗೆ ಕೊಡುವ ಹಣಕ್ಕೆ ವೇಳೆಯ ಮಿತಿ ಹಾಕುವ ತನ್ನ ಯೋಜನೆಯನ್ನು ಕೈಬಿಟ್ಟಿತು. ನೋಡಿದಿರಾ, ಗುಂಡಿಗೆ ಮಾತ್ರ ಇವರು ಹೆದರುತ್ತಾರೆ ಎಂದು ಜಾಲತಾಣಗಳಲ್ಲಿ ಬಹಳ ಜನ ಹೇಳಿದರು. ಭಯವೂ ಒಂದಿಷ್ಟು ಕೆಲಸ ಮಾಡಿರಬಹುದು, ಇಲ್ಲವೆಂದು ನಾನು ಆಣೆಮಾಡಲಾರೆ. ಆದರೆ ಅಮೆರಿಕದ ಅರಿವಳಿಕೆ ವೈದ್ಯರ ಸಂಘ ಆ ಯೋಜನೆಯನ್ನು ಖಂಡಿಸಿ ಹೇಳಿಕೆ ಕೊಟ್ಟದ್ದು ನವೆಂಬರಿನಲ್ಲಿ, ಕೊಲೆಗೆ ಮೊದಲು. ನ್ಯೂಯಾರ್ಕ್, ಕನೆಕ್ಟಿಕಟ್ ರಾಜ್ಯಗಳ ಅಧಿಕಾರಸ್ಥರೂ ಅದನ್ನು ವಿರೋಧಿಸಿದ್ದರು. ವಾರಗಟ್ಟಲೆ ಕಾಗದ ಬರೆದವರ ಶ್ರಮವನ್ನೆಲ್ಲ ಒಂದು ಬೆಳಗಿನ ಗುಂಡಿನ ಖಾತೆಗೆ ಜಮಾ ಮಾಡಿದೆವು. ಹಾಗೆ ಮಾಡುವಾಗ ಮುಂದೆ ಕಾಗದ ಬರೆಯಬೇಕೆಂದಿದ್ದವನ ಕೈಯನ್ನೂ ಕಟ್ಟಿದೆವು.

ಇದು ಅಮೆರಿಕದ ಮಾತು, ನಮಗೇನು ಎನ್ನುವಂತಿಲ್ಲ. 2008ರ ಸೆಪ್ಟೆಂಬರ್ 22ರಂದು, ದೆಹಲಿಯ ಬಳಿಯ ಗ್ರೇಟರ್ ನೋಯ್ಡಾದಲ್ಲಿ, ಇಟಲಿಯ ಕಂಪನಿಯೊಂದರ ಭಾರತೀಯ ಘಟಕದ ಮುಖ್ಯಸ್ಥರನ್ನು ಕೆಲಸದಿಂದ ತೆಗೆದುಹಾಕಲ್ಪಟ್ಟವರ ಗುಂಪು ಹೊಡೆದು ಕೊಂದಿತು. ಆಗ ಕೇಂದ್ರದಲ್ಲಿ ಕಾರ್ಮಿಕ ಸಚಿವರಾಗಿದ್ದವರು ನಮ್ಮ ಉಡುಪಿಯ ಆಸ್ಕರ್ ಫರ್ನಾಂಡಿಸ್. ಇದು ಆಡಳಿತ ವರ್ಗಗಳಿಗೆ ಎಚ್ಚರಿಕೆಯಾಗಬೇಕು ಎಂಬರ್ಥದ ಮಾತನ್ನು ಅವರು ಆಡಿದರು. ದೊಡ್ಡ ಗದ್ದಲವೆದ್ದಿತು, ಅವರು ಕ್ಷಮೆ ಕೇಳಿದರು. ಕಾರ್ಮಿಕರ ಅಸಹಾಯಕತೆಯನ್ನು ಅವರು ಕಂಡದ್ದು ತಪ್ಪಲ್ಲ. ಒಂದು ಹೆಣವನ್ನು ಆ ಅಸಹಾಯಕತೆಯ ಸಂದೇಶವಾಹಕನನ್ನಾಗಿ ಮಾಡಿದ್ದು ತಪ್ಪು. ಅವರು ಆ ತಪ್ಪನ್ನು ಹಿಂತೆಗೆದುಕೊಂಡರು. ನಾವು ಒತ್ತಿದ ನಗುವನ್ನು ಹಿಂತೆಗೆದುಕೊಂಡವರು ನಮ್ಮಲ್ಲಿ ಎಷ್ಟು ಜನ?

ವ್ಯಾಸಭಾರತದ ಶಲ್ಯಪರ್ವದಲ್ಲಿ ದುರ್ಯೋಧನ ತೊಡೆಮುರಿದು ಬಿದ್ದಿದ್ದಾಗ ಭೀಮ ಅವನ ತಲೆಯನ್ನು ಕಾಲಿನಿಂದ ಮೆಟ್ಟುತ್ತಾನೆ. ಭೀಮನ ರೋಷಕ್ಕೆ ಕಾರಣವಿಲ್ಲವೆಂದು ಯಾರು ಹೇಳುತ್ತಾರೆ? ದ್ರೌಪದಿಯ ಅಪಮಾನಕ್ಕಿಂತ ದೊಡ್ಡ ಕಾರಣ ಬೇಕೆ? ಆದರೂ ಧರ್ಮರಾಯ ಅವನನ್ನು ತಡೆಯುತ್ತಾನೆ. ಸುತ್ತ ನೆರೆದ ಪಾಂಚಾಲರು ಹರ್ಷದಿಂದ ಬೊಬ್ಬೆಯಿಟ್ಟಾಗ, ಸತ್ತ ಶತ್ರುವನ್ನು ಮಾತಿನಿಂದ ಮತ್ತೆ ಕೊಲ್ಲುವುದು ನ್ಯಾಯವಲ್ಲವೆಂದು ಕೃಷ್ಣ ಹೇಳುತ್ತಾನೆ. ಆ ಯುದ್ಧದಲ್ಲಿ ಕೃಷ್ಣ ಯಾವ ಪಕ್ಷದವನೆಂದು ಎಲ್ಲರಿಗೂ ಗೊತ್ತು. ತನ್ನ ಪಕ್ಷದವರ ನಗುವನ್ನು ತಡೆಯುವುದೇ ಕಷ್ಟ.

ಆ ನಗುವಿನಿಂದ ನಮಗಾದ ಲಾಭವನ್ನಾದರೂ ನೋಡೋಣ. ಕೊಲೆಯಾದ ಕೆಲವು ದಿನಗಳಲ್ಲಿಯೇ ಹಲವು ವಿಮಾ ಕಂಪನಿಗಳು ತಮ್ಮ ಮುಖ್ಯಸ್ಥರ ಭಾವಚಿತ್ರಗಳನ್ನು ಅಂತರಜಾಲದಿಂದ ತೆಗೆದುಹಾಕಿದವು. ಕಾವಲು ಹೆಚ್ಚಿತು. ಮುಖವಿಲ್ಲದ ಸಂಸ್ಥೆಯೊಂದು ನಮ್ಮನ್ನು ನೋಯಿಸುತ್ತದೆಂಬುದೇ ನಮ್ಮ ದೂರಾಗಿತ್ತು. ಈಗ ಇದ್ದ ಮುಖಗಳೂ ಗೋಡೆಯ ಹಿಂದಕ್ಕೆ ಸರಿದವು.

ಆ ಸುದ್ದಿಯನ್ನು ನಾನು ಅಣ್ಣನಿಗೆ ಓದಿ ಹೇಳಿದೆ. ಅವನು ಸಂತೋಷಪಡುವನೆಂದು ಎಣಿಸಿದ್ದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲವೋ, ಆ ಕಂಪನಿಗೆ ಬರೆದುಕೊಂಡವರ ಕಾಗದಗಳನ್ನು ಇನ್ನು ಯಾರು ನೋಡುತ್ತಾರೆ?” ಎಂದ. ತಮಾಷೆಗೆ ಹೇಳಿದನೋ ನಿಜವಾಗಿಯೇ ಕೇಳಿದನೋ ನನಗೆ ತಿಳಿಯಲಿಲ್ಲ. ಆಮೇಲೆ ಒಳಗಿನಿಂದ ತನ್ನ ಕಡತವನ್ನು ತಂದು ನನ್ನ ಮುಂದಿಟ್ಟ. ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಕೊಟ್ಟಿದ್ದ ದೂರಿನ ಪ್ರತಿ ಅದರಲ್ಲಿತ್ತು. ನಾನು ಫೋನಿನಲ್ಲಿ ಕೂಗಾಡಿ ಸೋತು ಕೈಬಿಟ್ಟಿದ್ದ ಕಾಲದಲ್ಲಿ ಅವನು, ಮೇಷ್ಟರ ದುಂಡು ಅಕ್ಷರದಲ್ಲಿ, ಯಾರಿಗೂ ಹೇಳದೆ ಅದನ್ನು ಬರೆದಿದ್ದ. ಕೇಳಿದ ಹಣದಲ್ಲಿ ಸುಮಾರು ಅರ್ಧ ಬಂದಿತ್ತು. ಉಳಿದರ್ಧ ಬರಲಿಲ್ಲ. ಬಳೆಗಳಲ್ಲಿ ಎರಡು ಮಾತ್ರ ಮನೆಗೆ ಹಿಂತಿರುಗಿದವು.

ಇದನ್ನು ನ್ಯಾಯದ ಗೆಲುವೆಂದು ನಾನು ಹೊಗಳುವುದಿಲ್ಲ. ಅರ್ಧ ನ್ಯಾಯ ಅರ್ಧವೇ. ಉಳಿದರ್ಧಕ್ಕೆ ಸಿಟ್ಟಾಗುವ ಹಕ್ಕು ಅಣ್ಣನಿಗೂ ಇದೆ, ನನಗೂ ಇದೆ. ಆ ಸಿಟ್ಟನ್ನು ಒಂದು ನಗೆಯ ಗುರುತಿನಲ್ಲಿ ಕಳೆದುಕೊಳ್ಳಲು ಮಾತ್ರ ನಾನು ಈಗ ಒಪ್ಪುವುದಿಲ್ಲ. ಆ ಸಂಜೆ ಹೆಬ್ಬೆರಳನ್ನು ಹಿಂದಕ್ಕೆ ತೆಗೆದುಕೊಂಡು, ಕಡತದ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಟ್ಟೆ.